ನೀಲ್ ಯಂಗ್ ಕೇಳಲು ಶುರುಮಾಡುವವರಿಗೆ: ಯಾವ ಆಲ್ಬಮ್ ಮೊದಲು, ಯಾವುದು ಆಮೇಲೆ

ಸಂಗೀತದ ಆ್ಯಪ್‌ನಲ್ಲಿ ಕೆನಡಾ ಮೂಲದ ರಾಕ್ ಗಾಯಕ, ಗಿಟಾರ್ ವಾದಕ ನೀಲ್ ಯಂಗ್ ಹೆಸರು ಹುಡುಕಿದರೆ ಬರುವ ಪಟ್ಟಿ ನೋಡಿಯೇ ಎಷ್ಟೋ ಜನ ಕೈಬಿಡುತ್ತಾರೆ. 1968ರಿಂದ ಈಚೆಗೆ ನಲವತ್ತಕ್ಕೂ ಹೆಚ್ಚು ಸ್ಟುಡಿಯೊ ಆಲ್ಬಮ್‌ಗಳಿವೆ. ಅದರ ಮೇಲೆ ಲೈವ್ ಆಲ್ಬಮ್‌ಗಳು, ನಲವತ್ತು ವರ್ಷ ಕಪಾಟಿನಲ್ಲಿದ್ದು ಈಚೆಗೆ ಹೊರಬಂದ ಟೇಪುಗಳು. ಕಣ್ಣಿಗೆ ಬಿದ್ದದ್ದನ್ನು ಒತ್ತಿದರೆ ಒಂದು ಸಲ ಮೆಲುದನಿಯ ಹಳ್ಳಿ ಹಾಡು, ಇನ್ನೊಂದು ಸಲ ಕಂಪ್ಯೂಟರ್ ಮಾತಾಡಿದಂಥ ದನಿ, ಮತ್ತೊಂದು ಸಲ ಮೂವತ್ತೈದು ನಿಮಿಷದ ಬರೀ ಗಿಟಾರ್ ಕೂಗು. ಇವೆಲ್ಲ ಒಬ್ಬರದೇ ಎಂದು ನಂಬುವುದೇ ಕಷ್ಟ.

ಬಿಡುಗಡೆಯ ವರ್ಷ ಹಿಡಿದು ಮೊದಲಿನಿಂದ ಕೇಳುವುದು ಕೆಲಸಕ್ಕೆ ಬರುವುದಿಲ್ಲ. 1968ರ ಮೊದಲ ಆಲ್ಬಮ್ಮಿನಲ್ಲಿ ಪದರದ ಮೇಲೆ ಪದರ ರೆಕಾರ್ಡಿಂಗ್ ಪೇರಿಸಿದ್ದಾರೆ, ಯಂಗ್ ಅವರ ನಿಜವಾದ ಗುಣ ಅದರಲ್ಲಿ ಅರ್ಧ ಮುಚ್ಚಿಹೋಗಿದೆ. ‘ಗ್ರೇಟೆಸ್ಟ್ ಹಿಟ್ಸ್’ ಸಂಗ್ರಹದಿಂದ ಶುರುಮಾಡುವುದನ್ನೂ ನಾವು ಒಪ್ಪುವುದಿಲ್ಲ. ಯಂಗ್ ಯೋಚಿಸುವುದೇ ಆಲ್ಬಮ್ಮಿನ ಅಳತೆಯಲ್ಲಿ. ಯಾವ ಹಾಡಿನ ಪಕ್ಕ ಯಾವುದು ಕೂತಿದೆ ಎಂಬುದರಲ್ಲೇ ಅರ್ಧ ವಿಷಯವಿದೆ.

ಇಲ್ಲಿ ಹೇಳುವ ಕ್ರಮಕ್ಕೆ ಆಧಾರ ಒಂದೇ. ಯಂಗ್ ಅವರಲ್ಲಿ ಇಬ್ಬರು ಸಂಗೀತಗಾರರಿದ್ದಾರೆ: ಅಕೌಸ್ಟಿಕ್ ಗಿಟಾರ್, ಮೌತ್ ಆರ್ಗನ್ ಹಿಡಿದು ಮೆಲ್ಲಗೆ ಹಾಡುವವರೊಬ್ಬರು, ಎಲೆಕ್ಟ್ರಿಕ್ ಗಿಟಾರಿನಲ್ಲಿ ಕಿವಿ ಗುಂಯ್ ಅನ್ನಿಸುವವರೊಬ್ಬರು. ಮೊದಲ ನಾಲ್ಕು ಆಲ್ಬಮ್‌ಗಳಲ್ಲಿ ಇಬ್ಬರ ಪರಿಚಯವನ್ನೂ ಮಾಡಿಕೊಳ್ಳಿ. ಅದಾದ ಮೇಲಷ್ಟೇ ಇವರ ಅತ್ಯುತ್ತಮ ಕೆಲಸಕ್ಕೆ, ಅಂದರೆ 1973ರಿಂದ 75ರವರೆಗಿನ ಕತ್ತಲ ಆಲ್ಬಮ್‌ಗಳಿಗೆ ಇಳಿಯಿರಿ. ಈ ಕ್ರಮ ತಪ್ಪಿದರೆ ಆ ಕತ್ತಲೆ ಬರೀ ಅಪಸ್ವರವಾಗಿ ಕೇಳಿಸುತ್ತದೆ.

ಕೇಳುವ ಮುನ್ನ ಮಾಡಿಕೊಳ್ಳಬೇಕಾದ ತಯಾರಿ

ಆ್ಯಪ್‌ನ ಸೆಟ್ಟಿಂಗ್ಸ್ ತೆರೆದು ನಾಲ್ಕು ಗುಂಡಿಗಳನ್ನು ಆಫ್ ಮಾಡಿ. ಹಾಡುಗಳ ಕ್ರಮ ಕಲಸುವ ಶಫಲ್ ಬೇಡವೆಂದು ಹೇಳಬೇಕಾಗಿಯೇ ಇಲ್ಲ. ಆಟೋಪ್ಲೇ ಆನ್ ಇದ್ದರೆ ಆಲ್ಬಮ್ ಮುಗಿದ ಕೂಡಲೇ ಬೇರೆ ಯಾರದೋ ಹಾಡು ನುಗ್ಗಿ ಕೊನೆಯ ಹಾಡಿನ ಗುಂಗನ್ನು ಹಾಳುಮಾಡುತ್ತದೆ. ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿನ ಜೊತೆ ಬೆರೆಸುವ ಕ್ರಾಸ್‌ಫೇಡ್ ಸೊನ್ನೆಯಲ್ಲಿರಲಿ. ‘ಹಾರ್ವೆಸ್ಟ್’ನಲ್ಲಿ ಒಂದು ಹಾಡಿನ ಚಪ್ಪಾಳೆಯನ್ನು ಕತ್ತರಿಸಿದಂತೆ ಮುಂದಿನ ಹಾಡು ಶುರುವಾಗುವ ಜಾಗವಿದೆ, ಕ್ರಾಸ್‌ಫೇಡ್ ಆನ್ ಇದ್ದರೆ ಆ ಕತ್ತರಿ ಏಟು ಕಲಸಿಹೋಗುತ್ತದೆ. ನಾಲ್ಕನೆಯದು ವಾಲ್ಯೂಮ್ ನಾರ್ಮಲೈಸೇಷನ್. ಇದು ಮೆಲ್ಲಗಿರುವ ಹಾಡನ್ನು ಎತ್ತರಿಸಿ ಜೋರಾದದ್ದನ್ನು ತಗ್ಗಿಸುತ್ತದೆ. ಯಂಗ್ ಆಲ್ಬಮ್‌ಗಳಲ್ಲಿ ಆ ಏರುಪೇರೇ ಮುಖ್ಯವಾದ್ದರಿಂದ ಇದನ್ನೂ ಆಫ್ ಮಾಡಬೇಕು.

ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಮೆಲ್ಲನೆಯ ಹಾಡುಗಳು ಹೇಗೋ ನಡೆದಾವು, ಕ್ರೇಜಿ ಹಾರ್ಸ್ ಎಂಬ ರಾಕ್ ತಂಡದ ಜೊತೆಗಿನ ಹಾಡುಗಳಲ್ಲಿ ಬೇಸ್ ಗಿಟಾರ್ ಮತ್ತು ದೊಡ್ಡ ಡ್ರಮ್ ಪೂರ್ತಿ ಮಾಯವಾಗುತ್ತವೆ. ಉಳಿಯುವುದು ತಗಡು ಕೆರೆದಂಥ ಸದ್ದು. ‘ಇದರಲ್ಲಿ ಏನಿದೆ’ ಎನ್ನುವವರಲ್ಲಿ ಬಹಳಷ್ಟು ಮಂದಿ ಕೇಳಿದ್ದು ಹಾಗೆ. ಸಾಧಾರಣ ಹೆಡ್‌ಫೋನ್ ಸಾಕು, ಮನೆಯಲ್ಲಿ ಸ್ಪೀಕರ್ ಇದ್ದರೆ ಇನ್ನೂ ಒಳ್ಳೆಯದು.

ಮೂಲ ಆಲ್ಬಮ್ಮನ್ನೇ ಆರಿಸಿಕೊಳ್ಳಿ. ಐವತ್ತನೇ ವರ್ಷದ ಆವೃತ್ತಿಗಳಲ್ಲಿ ಕೊನೆಗೆ ಹೆಚ್ಚುವರಿ ಹಾಡುಗಳನ್ನು ಅಂಟಿಸಿರುತ್ತಾರೆ. ಹಾಡುಗಳ ಎಣಿಕೆ ನೆನಪಿಟ್ಟುಕೊಂಡರೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುತ್ತದೆ: ‘ಹಾರ್ವೆಸ್ಟ್’ 10, ‘ಎವ್ರಿಬಡಿ ನೋಸ್ ದಿಸ್ ಈಸ್ ನೋವೇರ್’ 7, ‘ಆಫ್ಟರ್ ದ ಗೋಲ್ಡ್ ರಶ್’ 11, ‘ರಸ್ಟ್ ನೆವರ್ ಸ್ಲೀಪ್ಸ್’ 9. ನಾಲ್ಕೂ ಸುಮಾರು ಮೂವತ್ತೈದರಿಂದ ನಲವತ್ತು ನಿಮಿಷದವು. ಆಗಿನ ಎಲ್‌ಪಿ ತಟ್ಟೆಗೆ ಎರಡು ಸೈಡ್. ಮೊದಲ ಸೈಡ್ ಮುಗಿದಾಗ ಒಂದು ನಿಮಿಷ ಬಿಡುವು ಕೊಟ್ಟು ಎರಡನೆಯದಕ್ಕೆ ಹೋಗಿ. ಒಂದು ಆಲ್ಬಮ್ಮನ್ನು ಕನಿಷ್ಠ ಮೂರು ಸಲ ಕೇಳದೆ ಮುಂದಿನದಕ್ಕೆ ಹೋಗಬೇಡಿ. ಮೊದಲ ಸಲ ಸಾಹಿತ್ಯ ನೋಡದೆ, ಎರಡನೇ ಸಲ ಸಾಹಿತ್ಯ ಮುಂದಿಟ್ಟುಕೊಂಡು, ಮೂರನೇ ಸಲ ಮತ್ತೆ ನೋಡದೆ.

ದನಿಯ ಬಗ್ಗೆ ಒಂದು ಮಾತು. ಯಂಗ್ ಅವರ ಕಂಠ ತೆಳ್ಳಗೆ, ಎತ್ತರದಲ್ಲಿ, ಸ್ವಲ್ಪ ಮೂಗಿನಲ್ಲಿ, ಅಲ್ಲಲ್ಲಿ ನಡುಗುತ್ತ ಬರುತ್ತದೆ. ರಾಕ್ ಎಂದರೆ ಗಡಸು ಗಂಟಲು ಎಂದುಕೊಂಡು ಬಂದವರಿಗೆ ಇದು ಮೊದಲು ಒಗ್ಗುವುದಿಲ್ಲ. ಎರಡು ಆಲ್ಬಮ್ ಕೇಳುವಷ್ಟರಲ್ಲಿ ಒಗ್ಗುತ್ತದೆ, ಅಷ್ಟು ಸಮಯ ಕೊಡಿ.

ಮೊದಲ ಹೆಜ್ಜೆ: ‘ಹಾರ್ವೆಸ್ಟ್’, 1972

ಎಲ್ಲರೂ ಇದನ್ನೇ ಹೇಳುತ್ತಾರೆ, ನಾವೂ ಇದನ್ನೇ ಹೇಳುತ್ತೇವೆ. ಬಾಗಿಲು ಇಷ್ಟು ಅಗಲವಾಗಿ ತೆರೆದಿರುವ ಆಲ್ಬಮ್ ಇವರದು ಇನ್ನೊಂದಿಲ್ಲ. ಅಮೆರಿಕದಲ್ಲಿ 1972ರಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್ ಇದು. ‘ಹಾರ್ಟ್ ಆಫ್ ಗೋಲ್ಡ್’ ಅಲ್ಲಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಅವರ ಏಕೈಕ ಹಾಡು.

1971ರ ಆರಂಭದಲ್ಲಿ ಗಾಯಕ ಜಾನಿ ಕ್ಯಾಶ್ ಅವರ ಟಿವಿ ಕಾರ್ಯಕ್ರಮಕ್ಕೆಂದು ಅಮೆರಿಕದ ನ್ಯಾಶ್‌ವಿಲ್‌ ನಗರಕ್ಕೆ ಹೋದ ಯಂಗ್, ನಿರ್ಮಾಪಕ ಎಲಿಯಟ್ ಮೇಜರ್ ಅವರ ಸ್ಟುಡಿಯೊದಲ್ಲಿ ಊರಿನ ವಾದ್ಯಗಾರರನ್ನೇ ಕಲೆಹಾಕಿ ರೆಕಾರ್ಡ್ ಮಾಡಿದರು. ಅದೇ ಕಾರ್ಯಕ್ರಮಕ್ಕೆ ಬಂದಿದ್ದ ಗಾಯಕರಾದ ಲಿಂಡಾ ರಾನ್‌ಸ್ಟಾಟ್, ಜೇಮ್ಸ್ ಟೇಲರ್ ಹಿಮ್ಮೇಳಕ್ಕೆ ಸೇರಿಕೊಂಡರು. ಆ ದಿನಗಳಲ್ಲಿ ಯಂಗ್‌ಗೆ ಬೆನ್ನು ನೋವು ಜೋರಾಗಿತ್ತು, ಭಾರದ ಎಲೆಕ್ಟ್ರಿಕ್ ಗಿಟಾರ್ ಹೊತ್ತು ನಿಲ್ಲುವಂತಿರಲಿಲ್ಲ. ಆಲ್ಬಮ್ ಇಷ್ಟು ಮೆಲ್ಲಗಿರುವುದಕ್ಕೆ ಅದೂ ಒಂದು ಕಾರಣ.

ಮೊದಲ ಹಾಡು ‘ಔಟ್ ಆನ್ ದ ವೀಕೆಂಡ್’ನಲ್ಲಿ ಡ್ರಮ್ಮಿಗೆ ಕಿವಿಗೊಡಿ. ಡ್ರಮ್ ಬಾರಿಸಿದ ಕೆನಿ ಬಟ್ರಿ ನುರಿತ ಕೈ, ಆದರೂ ಆದಷ್ಟೂ ಕಡಿಮೆ ಬಾರಿಸಿ ಎಂದು ಯಂಗ್ ಬಟ್ರಿಗೆ ಹೇಳಿದ್ದರು. ಒಂದು ಏಟಿಗೂ ಮುಂದಿನದಕ್ಕೂ ನಡುವೆ ಬಿಟ್ಟ ಜಾಗದಲ್ಲಿ ಬೆನ್ ಕೀತ್ ಅವರ ಪೆಡಲ್ ಸ್ಟೀಲ್ ಗಿಟಾರ್ ತೇಲುತ್ತದೆ. ಮಡಿಲೆತ್ತರದಲ್ಲಿ ಅಡ್ಡ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಸರಳು ಜಾರಿಸಿ ನುಡಿಸುವ ಈ ವಾದ್ಯದ ದನಿ ಮುಂದಿನ ನಲವತ್ತು ವರ್ಷ ಯಂಗ್ ಆಲ್ಬಮ್‌ಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈಗಲೇ ಗುರುತು ಹಿಡಿದಿಟ್ಟುಕೊಳ್ಳಿ. ‘ಓಲ್ಡ್ ಮ್ಯಾನ್’ ಹಾಡಿನಲ್ಲಿ ಟಣಟಣ ಎನ್ನುವುದು ಟೇಲರ್ ನುಡಿಸಿದ ಆರು ತಂತಿಯ ಬ್ಯಾಂಜೊ.

ಎಡವುವ ಜಾಗ: ‘ಎ ಮ್ಯಾನ್ ನೀಡ್ಸ್ ಎ ಮೇಡ್’ ಮತ್ತು ‘ದೇರ್ಸ್ ಎ ವರ್ಲ್ಡ್’ ಹಾಡುಗಳ ಹಿಂದೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಇದೆ. ಪುಟ್ಟ ಹಾಡಿನ ಮೇಲೆ ಅಷ್ಟು ದೊಡ್ಡ ಮೇಳ ಹೇರಿದ್ದು ಅನೇಕರಿಗೆ ಭಾರವೆನಿಸುತ್ತದೆ, ನಮಗೂ ಎರಡನೆಯದು ಭಾರವೇ. ಮೊದಲನೆಯದನ್ನು ಮಾತ್ರ ದಾಟಿಸಬೇಡಿ, ಅದರ ಕೆಲಸ ಈ ಮಾರ್ಗದ ಕೊನೆಯಲ್ಲಿ ಬರುತ್ತದೆ. ಒಂಬತ್ತನೇ ಹಾಡು ‘ದ ನೀಡಲ್ ಆ್ಯಂಡ್ ದ ಡ್ಯಾಮೇಜ್ ಡನ್’ ವೇದಿಕೆಯ ಮೇಲೆ ಒಬ್ಬರೇ ಹಾಡಿದ್ದು, ಎರಡೇ ನಿಮಿಷ, ಹೆರಾಯಿನ್ ಚಟಕ್ಕೆ ಬಿದ್ದ ಗೆಳೆಯರ ಮೇಲೆ. ಚಪ್ಪಾಳೆ ಬೀಳುತ್ತಿದ್ದಂತೆಯೇ ‘ವರ್ಡ್ಸ್’ ಹಾಡಿನ ಗಿಟಾರ್ ಅದನ್ನು ಕತ್ತರಿಸುತ್ತದೆ. ಹೆರಾಯಿನ್ ಮೇಲಿನ ಆ ಎರಡು ನಿಮಿಷದ ಹಾಡನ್ನು ಮರೆಯಬೇಡಿ.

ಎರಡನೇ ಹೆಜ್ಜೆ: ‘ಎವ್ರಿಬಡಿ ನೋಸ್ ದಿಸ್ ಈಸ್ ನೋವೇರ್’, 1969

ಈಗ ಇನ್ನೊಬ್ಬ ಯಂಗ್. ಕ್ರೇಜಿ ಹಾರ್ಸ್ ತಂಡದ ಜೊತೆಗಿನ ಮೊದಲ ಆಲ್ಬಮ್ ಇದು: ಗಿಟಾರ್ ಮತ್ತು ಹಿಮ್ಮೇಳಕ್ಕೆ ಡ್ಯಾನಿ ವಿಟನ್, ಬೇಸ್‌ಗೆ ಬಿಲಿ ಟಾಲ್ಬಟ್, ಡ್ರಮ್‌ಗೆ ರಾಲ್ಫ್ ಮೊಲೀನಾ. ಇವರು ಬೆರಳ ಚಮತ್ಕಾರ ತೋರಿಸುವವರಲ್ಲ. ನಡಿಗೆ ನಿಧಾನ, ಕೆಲವೊಮ್ಮೆ ಸ್ವಲ್ಪ ಹಿಂದೆಮುಂದೆ. ಯಂಗ್‌ಗೆ ಬೇಕಾಗಿದ್ದದ್ದೇ ಅದು. ತಾಳ ಎಳೆದಾಡಿದಂತಿದ್ದರೆ ಅದನ್ನು ತಪ್ಪೆಂದು ಕೇಳಬೇಡಿ, ಗುಂಪಾಗಿ ಉಸಿರಾಡುವ ರೀತಿಯೆಂದು ಕೇಳಿ.

‘ಸಿನಮನ್ ಗರ್ಲ್’ ಮೂರೇ ನಿಮಿಷದ ಹಾಡು. ಗಿಟಾರಿನ ಮೇಲ್ತುದಿಯ, ಕೆಳತುದಿಯ ಎರಡೂ ಇ ಸ್ವರದ ತಂತಿಗಳನ್ನು ಡಿ ಸ್ವರಕ್ಕೆ ಇಳಿಸಿ ನುಡಿಸಿದ್ದಾರೆ. ನಾಲ್ಕನೇ ತಂತಿ ಹೇಗೂ ಡಿ. ಹಾಗಾಗಿ ಮೂರು ತಂತಿಗಳು ಒಂದೇ ಸ್ವರದಲ್ಲಿ ಮೊಳಗುತ್ತವೆ. ತಂಬೂರಿ ಶ್ರುತಿ ಕೇಳಿ ಬೆಳೆದ ಕಿವಿಗೆ ಇದು ಬೇಗ ಹತ್ತಿರವಾಗುತ್ತದೆ: ಆಧಾರ ಷಡ್ಜ ಬಿಡದೆ ಹಿಡಿದು, ಅದರ ಮೇಲೆ ಹಾಡು ನಡೆಯುತ್ತದೆ. ಕೊನೆಯ ಭಾಗದಲ್ಲಿ ಬರುವ ಗಿಟಾರ್ ಸೋಲೊ ಒಂದೇ ಸ್ವರ. ಅದೇ ಡಿ, ಮತ್ತೆ ಅದೇ, ಮತ್ತೆ ಅದೇ. ನೂರು ಸ್ವರ ಓಡಿಸಬಹುದಾದ ಜಾಗದಲ್ಲಿ ಒಂದನ್ನೇ ಬಡಿದು, ಪ್ರತಿ ಬಡಿತಕ್ಕೂ ತೂಕ ಬದಲಿಸುತ್ತಾರೆ. ಇದು ಹಿಡಿಸಿತೆಂದರೆ ಯಂಗ್ ಅವರ ಗಿಟಾರ್ ನಿಮಗೆ ದಕ್ಕಿತು. ಇದೇ ಹಾಡಿನಲ್ಲಿ ಎತ್ತರದ ದನಿ ವಿಟನ್‌ರದು, ತಗ್ಗಿನದು ಯಂಗ್‌ರದು. ವಿಟನ್ ದನಿಯನ್ನು ಕಿವಿಯಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

‘ಡೌನ್ ಬೈ ದ ರಿವರ್’ ಒಂಬತ್ತು ನಿಮಿಷ ದಾಟುತ್ತದೆ. ಗಿಟಾರ್ ನುಡಿಸುವ ಉದ್ದನೆಯ ಭಾಗಗಳಲ್ಲಿ ಇರುವುದು ಎರಡೇ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಎರಡೇ ಗೊಂಚಲು. ಹೊಸಬರಿಗೆ ಬೇಜಾರು ಹುಟ್ಟುವುದು ಇಲ್ಲೇ, ಏಕೆಂದರೆ ಮುಂದೆ ಏನೋ ಆಗುತ್ತದೆ ಎಂದು ಕಾಯುತ್ತಾರೆ. ಕಾಯಬೇಡಿ. ಮೊದಲ ಸಲ ಮೊಲೀನಾ ಡ್ರಮ್ ಮಾತ್ರ ಹಿಡಿದು ಕೇಳಿ. ಎರಡನೇ ಸಲ ವಿಟನ್ ಗಿಟಾರ್ ಹಿಂಬಾಲಿಸಿ. ಹೆಡ್‌ಫೋನಿನಲ್ಲಿ ಎರಡು ಗಿಟಾರ್‌ಗಳೂ ಬೇರೆಬೇರೆ ಕಿವಿಯಲ್ಲಿವೆ, ಒಂದು ಪ್ರಶ್ನೆ ಹಾಕಿದರೆ ಇನ್ನೊಂದು ಚುಚ್ಚಿದಂತೆ ಉತ್ತರ ಕೊಡುತ್ತದೆ. ಮೂರನೇ ಸಲ ಯಂಗ್ ಕಡೆ ಬನ್ನಿ. ‘ಕೌಗರ್ಲ್ ಇನ್ ದ ಸ್ಯಾಂಡ್’ ಹತ್ತು ನಿಮಿಷ, ಅದಕ್ಕೂ ಇದೇ ವಿಧಾನ.

ಯಂಗ್ ಅವರ ಗಿಟಾರಿಗೆ ‘ಓಲ್ಡ್ ಬ್ಲ್ಯಾಕ್’ ಎಂದು ಹೆಸರು. 1953ರ ಗಿಬ್ಸನ್ ಲೆಸ್ ಪಾಲ್, ಹೊಂಬಣ್ಣದ ಮೇಲೆ ಕಪ್ಪು ಬಳಿದದ್ದು. ಸ್ವರವನ್ನು ಅಲುಗಿಸಲು ಬಿಗ್ಸ್‌ಬಿ ಎಂಬ ಹಿಡಿ ಇದೆ. ಸದ್ದು ಬರುವುದು 1959ರ ಪುಟ್ಟ ಫೆಂಡರ್ ಡಿಲಕ್ಸ್ ಆಂಪ್ಲಿಫೈಯರಿನಿಂದ. ಸಣ್ಣ ಪೆಟ್ಟಿಗೆಯ ವಾಲ್ಯೂಮ್ ತುದಿಗೇರಿಸಿದಾಗ ದನಿ ಒಡೆದು ಹರಿದಂತೆ ಬರುತ್ತದೆ. ಮುಂದೆ ಇದಕ್ಕೆಂದೇ ಒಂದು ಸಾಧನ ಮಾಡಿಸಿಕೊಂಡರು: ಕಾಲಲ್ಲಿ ಒತ್ತಿದರೆ ಮೋಟಾರು ಆಂಪ್ಲಿಫೈಯರಿನ ತಿರುಪುಗಳನ್ನು ತಾನೇ ತಿರುಗಿಸುತ್ತದೆ. ಲೈವ್ ಆಲ್ಬಮ್‌ಗಳಲ್ಲಿ ಒಂದೇ ಸ್ವರ ಹಿಡಿದಿರುವಾಗಲೇ ಸದ್ದಿನ ಬಣ್ಣ ಬದಲಾಗುವುದು ಹೀಗೆ.

ಮೂರನೇ ಹೆಜ್ಜೆ: ‘ಆಫ್ಟರ್ ದ ಗೋಲ್ಡ್ ರಶ್’, 1970

ಇಬ್ಬರು ಯಂಗ್‌ಗಳೂ ಒಂದೇ ಮನೆಯಲ್ಲಿ ವಾಸ ಮಾಡುವ ಆಲ್ಬಮ್ ಇದು. ಮನೆ ಎಂದದ್ದು ನಿಜವಾಗಿಯೂ ಮನೆಯೇ: ಹೆಚ್ಚಿನ ಹಾಡುಗಳನ್ನು ಕ್ಯಾಲಿಫೋರ್ನಿಯಾದ ಟೊಪಾಂಗಾದಲ್ಲಿದ್ದ ತಮ್ಮ ಮನೆಯ ನೆಲಮಾಳಿಗೆಯಲ್ಲಿ ರೆಕಾರ್ಡ್ ಮಾಡಿದರು. ಪಿಯಾನೊಗೆ ಕೂರಿಸಿದ್ದು ಹದಿನೆಂಟರ ನಿಲ್ಸ್ ಲಾಫ್‌ಗ್ರೆನ್‌ರನ್ನು. ಹುಡುಗ ಅಕಾರ್ಡಿಯನ್ ಮತ್ತು ಗಿಟಾರ್ ನುಡಿಸುತ್ತಿದ್ದವನು, ಪಿಯಾನೊ ಅವನ ವಾದ್ಯವಲ್ಲ. ‘ಸದರ್ನ್ ಮ್ಯಾನ್’ನಲ್ಲಿ ಪಿಯಾನೊ ಕುಣಿಯುವ ರೀತಿಯಲ್ಲಿ ಆ ಅಕಾರ್ಡಿಯನ್ ಕೈ ಗೊತ್ತಾಗುತ್ತದೆ. ನುರಿತ ಪಿಯಾನೊಗಾರ ಅಲ್ಲಿ ಅಷ್ಟು ಒರಟಾಗಿ ನುಡಿಸುತ್ತಿರಲಿಲ್ಲ, ಹಾಡು ಅಷ್ಟು ಸಿಟ್ಟಾಗಿಯೂ ಇರುತ್ತಿರಲಿಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳ ಗುಲಾಮಗಿರಿ ಮತ್ತು ವರ್ಣದ್ವೇಷವನ್ನು ನೇರವಾಗಿ ಬಯ್ಯುವ ಹಾಡದು. ಶೀರ್ಷಿಕೆ ಹಾಡು, ‘ಬರ್ಡ್ಸ್’, ‘ಓನ್ಲಿ ಲವ್ ಕ್ಯಾನ್ ಬ್ರೇಕ್ ಯುವರ್ ಹಾರ್ಟ್’ ಮೂರಕ್ಕೂ ವಿವರಣೆ ಬೇಡ. ಕೊನೆಯ ಹಾಡು ಒಂದೂವರೆ ನಿಮಿಷಕ್ಕೆ ಕರಗಿಹೋಗುತ್ತದೆ, ಫೈಲ್ ಅರ್ಧಕ್ಕೆ ನಿಂತಿತೆಂದು ಗಾಬರಿಯಾಗಬೇಡಿ.

ನಾಲ್ಕನೇ ಹೆಜ್ಜೆ: ‘ರಸ್ಟ್ ನೆವರ್ ಸ್ಲೀಪ್ಸ್’, 1979

ಕಾಲದಲ್ಲಿ ಒಂಬತ್ತು ವರ್ಷ ಹಾರಿದ್ದಕ್ಕೆ ಕಾರಣವಿದೆ. ಮೊದಲ ಮೂರು ಆಲ್ಬಮ್ ಕಿವಿಗೆ ಕೂತಿವೆಯೋ ಇಲ್ಲವೋ ಎಂಬುದಕ್ಕೆ ಇದು ಪರೀಕ್ಷೆ. ಮೊದಲ ಸೈಡಿನ ಐದು ಹಾಡು ಅಕೌಸ್ಟಿಕ್, ಎರಡನೇ ಸೈಡಿನ ನಾಲ್ಕು ಹಾಡು ಕ್ರೇಜಿ ಹಾರ್ಸ್ ಜೊತೆ. ಶುರುವಿನ ಹಾಡೂ ಕೊನೆಯ ಹಾಡೂ ಒಂದೇ ಹಾಡಿನ ಎರಡು ರೂಪ. ಮೊದಲನೆಯದರಲ್ಲಿ ಒಬ್ಬರೇ ಗಿಟಾರ್ ಹಿಡಿದು ಹೇಳಿದ ಮಾತು ಕೊನೆಯಲ್ಲಿ ಕಲ್ಲು ಕುಟ್ಟುವ ಯಂತ್ರದಂತೆ ಮೇಲೆ ಬೀಳುತ್ತದೆ. ನಾರ್ಮಲೈಸೇಷನ್ ಆಫ್ ಮಾಡಲು ಹೇಳಿದ್ದು ಮುಖ್ಯವಾಗಿ ಈ ಆಲ್ಬಮ್ಮಿಗಾಗಿ. ಐದನೇ ಹಾಡಿನ ನಂತರ ವಾಲ್ಯೂಮ್ ಮುಟ್ಟಬೇಡಿ.

ಇಲ್ಲಿನ ಹೆಚ್ಚಿನ ಹಾಡುಗಳು ಕಾರ್ಯಕ್ರಮಗಳಲ್ಲಿ ರೆಕಾರ್ಡ್ ಆದವು, ಆಮೇಲೆ ಜನರ ಗದ್ದಲ ಅಳಿಸಿ ಸ್ಟುಡಿಯೊದಲ್ಲಿ ಒಪ್ಪಮಾಡಿದ್ದಾರೆ. ಎರಡನೇ ಸೈಡ್ ತೆರೆಯುವ ‘ಪೌಡರ್‌ಫಿಂಗರ್’ ಒಬ್ಬ ಹುಡುಗನ ಕತೆ: ನದಿಯಲ್ಲಿ ಬಂದೂಕಿನ ದೋಣಿ ಬರುತ್ತಿದೆ, ಮನೆಯ ಹಿರಿಯರು ಯಾರೂ ಇಲ್ಲ, ನಿರ್ಧಾರ ಅವನ ತಲೆಯ ಮೇಲೆ. ಕತೆ ಹೇಳುತ್ತಿರುವವನ ಗತಿ ಏನಾಯಿತೆಂಬುದು ಸಾಹಿತ್ಯ ಓದಿದರೆ ಮಾತ್ರ ತಿಳಿಯುತ್ತದೆ. ಎರಡನೇ ಸಲ ಕೇಳುವಾಗ ಸಾಹಿತ್ಯ ಮುಂದಿಟ್ಟುಕೊಳ್ಳಿ ಎಂದದ್ದು ಇಂಥ ಹಾಡುಗಳಿಗೆ.

‘ಲೈವ್ ರಸ್ಟ್’ ಎಂಬುದು ಬೇರೆ ಆಲ್ಬಮ್, ಅದೇ ವರ್ಷ ಬಂದದ್ದು. ಹೆಸರು ನೋಡಿ ಒಂದರ ಬದಲು ಇನ್ನೊಂದು ತೆರೆಯುವುದು ಸಾಮಾನ್ಯವಾಗಿ ಆಗುವ ತಪ್ಪು.

ಹಳ್ಳಕ್ಕೆ ಇಳಿಯುವುದು

‘ಹಾರ್ಟ್ ಆಫ್ ಗೋಲ್ಡ್’ ಬಗ್ಗೆ 1977ರ ‘ಡೆಕೇಡ್’ ಸಂಗ್ರಹದ ಟಿಪ್ಪಣಿಯಲ್ಲಿ ಯಂಗ್ ಬರೆದದ್ದರ ಸಾರಾಂಶ ಇಷ್ಟು: ಆ ಹಾಡು ನನ್ನನ್ನು ನಡುರಸ್ತೆಗೆ ತಂದು ನಿಲ್ಲಿಸಿತು, ಅಲ್ಲಿ ಸಾಗುವುದು ಬೇಗ ಬೇಸರ ತರಿಸಿತು, ಅದಕ್ಕೆ ರಸ್ತೆಬದಿಯ ಹಳ್ಳದ ಕಡೆ ತಿರುಗಿಸಿದೆ. ಅಭಿಮಾನಿಗಳು ‘ಟೈಮ್ ಫೇಡ್ಸ್ ಅವೇ’, ‘ಆನ್ ದ ಬೀಚ್’, ‘ಟುನೈಟ್ಸ್ ದ ನೈಟ್’ ಮೂರನ್ನೂ ಸೇರಿಸಿ ‘ಡಿಚ್’ (ಹಳ್ಳ) ಆಲ್ಬಮ್‌ಗಳು ಎಂದು ಕರೆಯುವುದು ಇದರಿಂದಲೇ.

ಬೇಸರ ಮಾತ್ರ ಕಾರಣವಲ್ಲ. ಡ್ಯಾನಿ ವಿಟನ್ ಹೆರಾಯಿನ್ ಚಟದಲ್ಲಿ ಮುಳುಗಿದ್ದರು. 1972ರ ನವೆಂಬರಿನಲ್ಲಿ ಪ್ರವಾಸದ ತಾಲೀಮಿಗೆ ಬಂದವರಿಗೆ ನುಡಿಸಲು ಆಗಲಿಲ್ಲ, ಯಂಗ್ ವಿಟನ್‌ರನ್ನು ಮನೆಗೆ ಕಳಿಸಿದರು. ಅದೇ ರಾತ್ರಿ ವಿಟನ್ ತೀರಿಕೊಂಡರು. 1973ರಲ್ಲಿ ತಂಡದ ವಾದ್ಯ ಸಾಮಾನು ನೋಡಿಕೊಳ್ಳುತ್ತಿದ್ದ ಬ್ರೂಸ್ ಬೆರಿ ಹೆರಾಯಿನ್ ಚಟಕ್ಕೆ ಬಲಿಯಾದರು.

ಕೇಳುವ ಕ್ರಮ ಹೀಗಿರಲಿ. ಮೊದಲು ‘ಆನ್ ದ ಬೀಚ್’, 1974. ಮೊದಲ ಸೈಡ್ ಚೆಲ್ಲಾಪಿಲ್ಲಿ, ‘ರೆವಲ್ಯೂಷನ್ ಬ್ಲೂಸ್’ ಬೆನ್ನುಹುರಿಯಲ್ಲಿ ಚಳಿ ಹುಟ್ಟಿಸುತ್ತದೆ. ಎರಡನೇ ಸೈಡಿನಲ್ಲಿ ಮೂರೇ ಹಾಡು, ಮೂರೂ ನಿಧಾನ. ನಮ್ಮ ಲೆಕ್ಕದಲ್ಲಿ ನೀಲ್ ಯಂಗ್ ಮಾಡಿದ ಅತ್ಯುತ್ತಮ ಇಪ್ಪತ್ತು ನಿಮಿಷ ಇವೇ. ಕೊನೆಯ ‘ಆ್ಯಂಬುಲೆನ್ಸ್ ಬ್ಲೂಸ್’ ಒಂಬತ್ತು ನಿಮಿಷದ ಹತ್ತಿರ, ಪಲ್ಲವಿ ಎಂದು ಹಿಡಿಯಲು ಏನೂ ಸಿಗುವುದಿಲ್ಲ. ಗಿಟಾರ್, ಮೌತ್ ಆರ್ಗನ್, ಪಿಟೀಲು, ಒಂದರ ಹಿಂದೊಂದು ಬರುವ ಚಿತ್ರಗಳು. ರಾತ್ರಿ ಕೇಳಿ. ಈ ಆಲ್ಬಮ್ 2003ರವರೆಗೆ ಸಿಡಿಯಾಗಿ ಬಂದೇ ಇರಲಿಲ್ಲ.

ಆಮೇಲೆ ‘ಟುನೈಟ್ಸ್ ದ ನೈಟ್’. ಬಿಡುಗಡೆಯಾದದ್ದು 1975ರಲ್ಲಾದರೂ ಬಹುಪಾಲು ರೆಕಾರ್ಡ್ ಆದದ್ದು 1973ರಲ್ಲಿ, ‘ಆನ್ ದ ಬೀಚ್’ಗೂ ಮೊದಲು. ‘ಹೋಮ್‌ಗ್ರೋನ್’ ಎಂಬ ಮೆಲುದನಿಯ ಆಲ್ಬಮ್ ಬಿಡುಗಡೆಗೆ ಸಿದ್ಧವಾಗಿತ್ತು. ಎರಡರ ಟೇಪನ್ನೂ ಗೆಳೆಯರಿಗೆ ಒಟ್ಟಿಗೆ ಕೇಳಿಸಿದ ಮೇಲೆ ಯಂಗ್ ಮೆಲ್ಲನೆಯದನ್ನು ಒಳಗಿಟ್ಟು ಇದನ್ನು ಹೊರತಂದರು. ‘ಹೋಮ್‌ಗ್ರೋನ್’ ಜನರ ಕೈಗೆ ಬಂದದ್ದು 2020ರಲ್ಲಿ.

ಇದರಲ್ಲಿ ಶ್ರುತಿ ತಪ್ಪುತ್ತದೆ. ‘ಮೆಲೊ ಮೈ ಮೈಂಡ್’ನಲ್ಲಿ ಎತ್ತರದ ಸ್ವರಕ್ಕೆ ಹೋದ ದನಿ ಒಡೆದು ಚೂರಾಗುತ್ತದೆ, ‘ಟೈರ್ಡ್ ಐಸ್’ನಲ್ಲಿ ಹಾಡುವುದನ್ನೇ ಬಿಟ್ಟು ಮಾತಾಡಿಬಿಡುತ್ತಾರೆ. ಇನ್ನೊಂದು ಸಲ ರೆಕಾರ್ಡ್ ಮಾಡಿ ಸರಿಪಡಿಸುವುದು ಕಷ್ಟವೇನಿರಲಿಲ್ಲ, ಬೇಕೆಂದೇ ಬಿಟ್ಟರು. ಮನೆಯಲ್ಲಿ ಸಾವಾದಾಗ ಯಾರೂ ದನಿ ತಿದ್ದಿಕೊಂಡು ಅಳುವುದಿಲ್ಲ. ‘ಹಾರ್ವೆಸ್ಟ್’ನಲ್ಲಿ ಇದೇ ಕಂಠ ಎಷ್ಟು ನಿಖರವಾಗಿ ಹಾಡಬಲ್ಲದೆಂದು ನೀವು ಆಗಲೇ ಕೇಳಿರುವುದರಿಂದ, ಇಲ್ಲಿ ಒಡೆದದ್ದು ಏನೆಂದು ಗೊತ್ತಾಗುತ್ತದೆ. ಶೀರ್ಷಿಕೆ ಹಾಡು ಮೊದಲೊಮ್ಮೆ, ಕೊನೆಗೊಮ್ಮೆ ಬರುತ್ತದೆ, ಬ್ರೂಸ್ ಬೆರಿಯ ಹೆಸರನ್ನು ನೇರವಾಗಿ ಹೇಳುತ್ತದೆ. ಐದನೇ ಹಾಡಿನ ಹತ್ತಿರ ಎಚ್ಚರವಾಗಿರಿ. ಅಷ್ಟು ಹೊತ್ತಿನ ಮಂಕಿನ ನಡುವೆ ಒಂದು ಲವಲವಿಕೆಯ ಲೈವ್ ಹಾಡು ಸಿಡಿಯುತ್ತದೆ, ಹಾಡುತ್ತಿರುವವರು ಯಂಗ್ ಅಲ್ಲ, ಡ್ಯಾನಿ ವಿಟನ್. 1970ರ ರೆಕಾರ್ಡಿಂಗ್. ಯಾರಿಗಾಗಿ ಶೋಕವೋ ಅವರದೇ ಜೀವಂತ ದನಿ.

‘ಟೈಮ್ ಫೇಡ್ಸ್ ಅವೇ’, 1973, ಕೊನೆಗೆ ಕೇಳಿ. ‘ಹಾರ್ವೆಸ್ಟ್’ ಹಾಡು ಕೇಳಲು ಬಂದ ದೊಡ್ಡ ಸಭಾಂಗಣಗಳ ಜನರ ಮುಂದೆ ಯಾರೂ ಕೇಳಿರದ ಹೊಸ ಹಾಡುಗಳನ್ನು ಒರಟಾಗಿ ನುಡಿಸಿದ ಲೈವ್ ಆಲ್ಬಮ್. ‘ಡೋಂಟ್ ಬಿ ಡಿನೈಡ್’ ಒಂದಕ್ಕಾಗಿಯಾದರೂ ಕೇಳಲೇಬೇಕು.

ಮೂರನ್ನೂ ಒಂದೇ ವಾರದಲ್ಲಿ ಮುಗಿಸುವ ಹಟ ಬೇಡ, ಮನಸ್ಸು ಭಾರವಾಗುತ್ತದೆ. ನಡುವೆ 1975ರ ‘ಜೂಮಾ’ ಹಾಕಿಕೊಳ್ಳಿ. ವಿಟನ್ ಜಾಗಕ್ಕೆ ಫ್ರ್ಯಾಂಕ್ ಸ್ಯಾಂಪೆಡ್ರೊ ಬಂದ ಮೇಲೆ ಕ್ರೇಜಿ ಹಾರ್ಸ್ ಮತ್ತೆ ಎದ್ದು ನಿಂತದ್ದು ಇಲ್ಲಿ. ‘ಕಾರ್ಟೆಜ್ ದ ಕಿಲ್ಲರ್’ನಲ್ಲಿ ದನಿ ಕೇಳಿಸುವುದಕ್ಕೆ ಮೂರು ನಿಮಿಷಕ್ಕೂ ಹೆಚ್ಚು ಬೇಕು, ಅಲ್ಲಿಯವರೆಗೆ ಗಿಟಾರ್ ಒಂದೇ. ರೆಕಾರ್ಡಿಂಗ್ ನಡುವೆ ಸ್ಟುಡಿಯೊದ ಯಂತ್ರಕ್ಕೆ ಕರೆಂಟ್ ಹೋಗಿ ಒಂದು ಚರಣ ಟೇಪಿಗೆ ಬರಲೇ ಇಲ್ಲ, ಯಂಗ್ ಅದನ್ನು ಹಾಗೆಯೇ ಬಿಟ್ಟರು.

ಎಂಬತ್ತರ ದಶಕ: ಜಾಗ್ರತೆಯಿಂದ

ಇಲ್ಲಿ ಕಣ್ಣುಮುಚ್ಚಿ ಕಾಲಿಡಬೇಡಿ. 1982ರ ‘ಟ್ರಾನ್ಸ್’ನಲ್ಲಿ ಮನುಷ್ಯನ ದನಿಯನ್ನು ಯಂತ್ರದ ದನಿಯಂತೆ ಮಾಡುವ ವೋಕೋಡರ್ ಎಂಬ ಸಾಧನದ ಮೂಲಕ ಹಾಡಿದ್ದಾರೆ, ಸಾಹಿತ್ಯ ಅರ್ಧ ತಿಳಿಯುವುದಿಲ್ಲ. 1983ರ ‘ಎವ್ರಿಬಡೀಸ್ ರಾಕಿನ್’’ ಐವತ್ತರ ದಶಕದ ಶೈಲಿಯ ಇಪ್ಪತ್ತೈದು ನಿಮಿಷ. ನೀಲ್ ಯಂಗ್ ಸಂಗೀತದಂತೆಯೇ ಇಲ್ಲವೆಂದು ಇವರ ಆಲ್ಬಮ್ ಹೊರತರುತ್ತಿದ್ದ ಗೆಫೆನ್ ಕಂಪನಿ 33 ಲಕ್ಷ ಡಾಲರಿಗೆ ಮೊಕದ್ದಮೆಯನ್ನೇ ಹೂಡಿತ್ತು. ‘ಲ್ಯಾಂಡಿಂಗ್ ಆನ್ ವಾಟರ್’ ಮೊದಲಾದವನ್ನು ಸದ್ಯಕ್ಕೆ ದಾಟಿಸಬಹುದು.

‘ಟ್ರಾನ್ಸ್’ ಮಾತ್ರ ಒಂದು ದಿನ ಮತ್ತೆ ತೆರೆಯಬೇಕು. ಯಂಗ್ ಅವರ ಮಗ ಬೆನ್‌ಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಅಂಗಾಂಗಗಳು ಹಿಡಿತಕ್ಕೆ ಸಿಗದ ಸ್ಥಿತಿ, ಮಾತು ಬರುವುದಿಲ್ಲ. ಮಗುವಿನ ಜೊತೆ ಮಾತಾಡಲು ಯಂತ್ರ, ಗುಂಡಿಗಳ ನೆರವಿನಿಂದ ಒದ್ದಾಡುತ್ತಿದ್ದ ಅಪ್ಪ ಮಾಡಿದ ಆಲ್ಬಮ್ ಅದು: ಹಾಡು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮೊದಲು 1993ರ ‘ಅನ್‌ಪ್ಲಗ್ಡ್’ ಆಲ್ಬಮ್ಮಿನಲ್ಲಿ ‘ಟ್ರಾನ್ಸ್‌ಫಾರ್ಮರ್ ಮ್ಯಾನ್’ ಹಾಡನ್ನು ಯಂತ್ರವಿಲ್ಲದೆ ಹಾಡಿದ್ದು ಕೇಳಿ, ಆಮೇಲೆ ಮೂಲಕ್ಕೆ ಹೋಗಿ. ಅದೇ ‘ಅನ್‌ಪ್ಲಗ್ಡ್’ನಲ್ಲಿ ‘ಲೈಕ್ ಎ ಹರಿಕೇನ್’ ಹಾಡಿಗೆ ಕಾಲಲ್ಲಿ ತುಳಿದು ಗಾಳಿ ತುಂಬುವ ಪಂಪ್ ಆರ್ಗನ್ ನುಡಿಸಿದ್ದಾರೆ. ನಮ್ಮ ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ಕೇಳಿದವರಿಗೆ ಆ ದನಿ ಅಪರಿಚಿತವಲ್ಲ.

1989ರಿಂದ 95: ಎರಡನೇ ಸುಗ್ಗಿ

‘ಫ್ರೀಡಮ್’, 1989, ಮತ್ತೆ ಒಂದೇ ಹಾಡನ್ನು ಶುರುವಿಗೆ ಅಕೌಸ್ಟಿಕ್ಕಾಗಿ, ಕೊನೆಗೆ ಎಲೆಕ್ಟ್ರಿಕ್ಕಾಗಿ ಇಟ್ಟ ಆಲ್ಬಮ್. ‘ರ‍್ಯಾಗ್ಡ್ ಗ್ಲೋರಿ’, 1990, ಕ್ರೇಜಿ ಹಾರ್ಸ್ ಅಭಿಮಾನಿಗಳಿಗೆ ಹಬ್ಬ, ಹತ್ತು ನಿಮಿಷದ ಎರಡು ಹಾಡುಗಳಿವೆ. ಆಮೇಲಿನ ಪ್ರವಾಸದ ಲೈವ್ ಆಲ್ಬಮ್ ‘ವೆಲ್ಡ್’, ಅದರ ಜೊತೆ ಬಂದ ‘ಆರ್ಕ್’ ಎಂಬುದು ಹಾಡುಗಳ ಶುರು ಮತ್ತು ಕೊನೆಯ ಗಿಟಾರ್ ಕೂಗುಗಳನ್ನೇ ಪೋಣಿಸಿದ 35 ನಿಮಿಷ. ಆರಂಭದಲ್ಲಿ ‘ಆರ್ಕ್’ ಬೇಡವೇ ಬೇಡ.

ಆ ಸದ್ದಿನಿಂದ ಯಂಗ್ ಕಿವಿಗೇ ಪೆಟ್ಟಾಯಿತು. ಮುಂದೆ ಬಂದದ್ದು 1992ರ ‘ಹಾರ್ವೆಸ್ಟ್ ಮೂನ್’: ‘ಹಾರ್ವೆಸ್ಟ್’ನ ವಾದ್ಯಗಾರರೇ, ರಾನ್‌ಸ್ಟಾಟ್, ಟೇಲರ್ ಮತ್ತೆ ಹಿಮ್ಮೇಳದಲ್ಲಿ. ಶೀರ್ಷಿಕೆ ಹಾಡಿನಲ್ಲಿ ಸರ್ರ್, ಸರ್ರ್ ಎಂದು ತಾಳ ಹಾಕುತ್ತಿರುವುದು ಕಸಪೊರಕೆ, ನಿಜವಾದ ಪೊರಕೆಯೇ. ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಇಪ್ಪತ್ತು ವರ್ಷದ ಅಂತರದ ‘ಹಾರ್ವೆಸ್ಟ್’ ಮತ್ತು ‘ಹಾರ್ವೆಸ್ಟ್ ಮೂನ್’ ಹೆಸರುಗಳನ್ನು ಅದಲುಬದಲು ಮಾಡಿಕೊಳ್ಳಬೇಡಿ. 1994ರ ‘ಸ್ಲೀಪ್ಸ್ ವಿತ್ ಏಂಜಲ್ಸ್’, 1995ರಲ್ಲಿ ಪರ್ಲ್ ಜ್ಯಾಮ್ ತಂಡದ ಜೊತೆ ಮಾಡಿದ ‘ಮಿರರ್ ಬಾಲ್’ ಇದೇ ಸುಗ್ಗಿಯ ಫಸಲು. ಆಮೇಲಿನ ದಶಕಗಳಿಂದ ಒಂದೇ ಆರಿಸಬೇಕೆಂದರೆ 2010ರ ‘ಲೆ ನಾಯ್ಸ್’: ತಂಡವೇ ಇಲ್ಲ, ಯಂಗ್, ಅವರ ಗಿಟಾರ್, ಡೇನಿಯಲ್ ಲನ್ವಾ ಅವರ ಧ್ವನಿ ಕೆಲಸ.

ಕೊನೆಗೆ ಕಪಾಟಿನ ಟೇಪುಗಳು

ಇವನ್ನು ಮೊದಲೇ ಕೇಳಿದರೆ ಬೆಲೆ ತಿಳಿಯುವುದಿಲ್ಲ. ಮೂಲ ಆಲ್ಬಮ್ ಬಾಯಿಪಾಠವಾದ ಮೇಲೆ ಮೂರನ್ನು ತೆಗೆದುಕೊಳ್ಳಿ. ‘ಹಿಚ್‌ಹೈಕರ್’, 2017ರಲ್ಲಿ ಬಂದದ್ದು, 1976ರ ಆಗಸ್ಟ್ 11ರ ಒಂದೇ ರಾತ್ರಿ ಮ್ಯಾಲಿಬುವಿನಲ್ಲಿ ಒಬ್ಬರೇ ಕೂತು ಹಾಡಿದ ಹತ್ತು ಹಾಡು. ‘ಪೌಡರ್‌ಫಿಂಗರ್’ ಇಲ್ಲಿ ಬರೀ ಗಿಟಾರಿನಲ್ಲಿದೆ. ಎರಡನೆಯದು ‘ಲೈವ್ ಅಟ್ ಮ್ಯಾಸಿ ಹಾಲ್ 1971’. ‘ಹಾರ್ವೆಸ್ಟ್’ ಬರುವುದಕ್ಕೆ ವರ್ಷ ಮೊದಲು ಟೊರಾಂಟೊದಲ್ಲಿ ಹಾಡಿದ್ದು, ಆ ಆಲ್ಬಮ್ಮಿನ ಹಾಡುಗಳು ಸಭೆಯಲ್ಲಿದ್ದ ಹೆಚ್ಚಿನವರಿಗೆ ಹೊಸವು. ‘ಎ ಮ್ಯಾನ್ ನೀಡ್ಸ್ ಎ ಮೇಡ್’ ಇಲ್ಲಿ ಪಿಯಾನೊ ಒಂದರಲ್ಲೇ ಬರುತ್ತದೆ, ‘ಹಾರ್ಟ್ ಆಫ್ ಗೋಲ್ಡ್’ ಅದರೊಳಗೇ ಹುಟ್ಟಿಕೊಂಡ ತುಣುಕಿನಂತೆ ಇದೆ. ಆರ್ಕೆಸ್ಟ್ರಾದ ಭಾರ ಇಳಿದ ಹಾಡು ಹೇಗಿರುತ್ತದೆಂದು ಈಗ ಕೇಳಿ, ‘ಹಾರ್ವೆಸ್ಟ್’ಗೆ ಒಮ್ಮೆ ಹಿಂದಿರುಗಿ.

ಮೂರನೆಯದು ‘ಲೈವ್ ಅಟ್ ದ ಫಿಲ್ಮೋರ್ ಈಸ್ಟ್’, 1970ರ ಮಾರ್ಚ್, ನ್ಯೂಯಾರ್ಕ್. ಆರೇ ಹಾಡು. ‘ಕೌಗರ್ಲ್ ಇನ್ ದ ಸ್ಯಾಂಡ್’ ಹದಿನಾರು ನಿಮಿಷ, ಎರಡು ಗಿಟಾರ್‌ಗಳ ಮಾತುಕತೆ ಸ್ಟುಡಿಯೊಗಿಂತ ಬಿಸಿಯಾಗಿದೆ. ಐದನೇ ಹಾಡು ಶುರುವಾದಾಗ ನಿಮಗೆ ಗುರುತು ಸಿಗುತ್ತದೆ: ‘ಟುನೈಟ್ಸ್ ದ ನೈಟ್’ನ ನಡುವೆ ಸಿಡಿದದ್ದು ಇದೇ. ಇಲ್ಲಿ ಅದು ಯಾರ ನೆನಪೂ ಅಲ್ಲ. ಡ್ಯಾನಿ ವಿಟನ್ ವೇದಿಕೆಯ ಮೇಲೆ ನಿಂತು ಖುಷಿಯಾಗಿ ಹಾಡುತ್ತಿದ್ದಾರೆ, ಯಂಗ್ ಪಕ್ಕದಲ್ಲಿ ಹಿಮ್ಮೇಳ ಹಿಡಿದಿದ್ದಾರೆ.